ಭಾನುವಾರ ಓಡದವರ ಕಥೆ

ಒಳ್ಳೆಯ ಚಲನಚಿತ್ರ ತೋರಿಸಿ ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳುವುದು ನಮ್ಮ ಕ್ರೈಸ್ತ ಸಭೆಗಳಲ್ಲಿಯೂ ಶಾಲೆಗಳಲ್ಲಿಯೂ ಹಿಂದಿನಿಂದ ನಡೆದುಬಂದದ್ದು. ಪ್ರೊಜೆಕ್ಟರಿನ ಕಾಲ ಹೋಗಿ ಕ್ಯಾಸೆಟ್ಟು ಬಂತು. ಅದೂ ಹೋಗಿ ಈಗ ಅಂಗೈಯಲ್ಲಿನ ಫೋನಿನಲ್ಲೇ ಚಿತ್ರ ನೋಡುತ್ತೇವೆ. ‘ಟೆನ್ ಕಮಾಂಡ್‌ಮೆಂಟ್ಸ್’, ‘ಬೆನ್‌ಹರ್’ ಚಿತ್ರಗಳ ಜೊತೆಗೆ ಈ ಕೆಲಸಕ್ಕೆ ಮತ್ತೆ ಮತ್ತೆ ಬಳಕೆಯಾಗುವ ಇನ್ನೊಂದು ಚಿತ್ರ ‘ಚಾರಿಯಟ್ಸ್ ಆಫ್ ಫೈರ್’. ಹ್ಯೂ ಹಡ್ಸನ್ ನಿರ್ದೇಶಿಸಿದ ಈ ಬ್ರಿಟಿಷ್ ಚಿತ್ರ 1981ರಲ್ಲಿ ಬಂದು, ಮರುವರ್ಷ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯೂ ಸೇರಿದಂತೆ ನಾಲ್ಕು ಆಸ್ಕರ್‌ಗಳನ್ನು ಪಡೆಯಿತು. ಸಮುದ್ರದ ಅಂಚಿನಲ್ಲಿ ಬರಿಗಾಲಿನ ಯುವಕರು ಓಡುವ ಅದರ ದೃಶ್ಯವನ್ನೂ ಆ ಸಂಗೀತವನ್ನೂ ಚಿತ್ರದ ಹೆಸರು ತಿಳಿಯದವರೂ ಬಲ್ಲರು.

ಕಥೆ 1924ರ ಪ್ಯಾರಿಸ್ ಒಲಿಂಪಿಕ್ಸಿನದು. ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ನೂರು ಮೀಟರ್ ಓಟದಲ್ಲಿ ಗೆಲ್ಲುವರೆಂದು ಎಲ್ಲರ ನಿರೀಕ್ಷೆ. ಆದರೆ ಆ ಓಟದ ಮೊದಲ ಸುತ್ತು ಭಾನುವಾರ. ಕರ್ತನ ದಿನದಲ್ಲಿ ಓಡಲಾರೆ ಎಂದು ಅವರು ಹಿಂದೆ ಸರಿದರು. ಆ ಓಟವನ್ನು ಅವರ ತಂಡದವರೇ ಆದ ಹೆರಾಲ್ಡ್ ಅಬ್ರಹಾಮ್ಸ್ ಗೆದ್ದರು. ಲಿಡೆಲ್ 200 ಮೀಟರಿನಲ್ಲಿ ಕಂಚು ಪಡೆದು, ಜುಲೈ 11ರಂದು 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು. ಇಲ್ಲಿಗೆ ಚಿತ್ರ ಮುಗಿಯುತ್ತದೆ. ದೇವರನ್ನು ಗೌರವಿಸಿದವರನ್ನು ದೇವರು ಗೌರವಿಸುತ್ತಾನೆ ಎಂದು ನಾವು ಮಕ್ಕಳಿಗೆ ಹೇಳಿ ದೀಪ ಹಾಕುತ್ತೇವೆ.

ಇತಿಹಾಸ ಪಾಠ ಮಾಡುವ ನನಗೆ ಈ ಮಾತು ಅಷ್ಟಕ್ಕೇ ನಿಲ್ಲಬಾರದು ಎನಿಸುತ್ತದೆ. ಚಿತ್ರದಲ್ಲಿ ಲಿಡೆಲ್‌ಗೆ ಭಾನುವಾರದ ವಿಷಯ ತಿಳಿಯುವುದು ಪ್ಯಾರಿಸಿಗೆ ಹೊರಟ ಹಡಗು ಹತ್ತುವಾಗ. ವಾಸ್ತವವಾಗಿ ವೇಳಾಪಟ್ಟಿ ಎಷ್ಟೋ ತಿಂಗಳ ಮೊದಲೇ ತಿಳಿದಿತ್ತು. ನಿರ್ಧಾರ ಮಾಡಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ತಮಗೆ ಅಷ್ಟು ಪಳಗಿಲ್ಲದ 400 ಮೀಟರಿಗೆ ಮೈಮುರಿದು ಅಭ್ಯಾಸ ಮಾಡಿದರು. ಚಿನ್ನ ಆಕಾಶದಿಂದ ಉದುರಲಿಲ್ಲ. ಇನ್ನೊಂದು ಸಂಗತಿಯನ್ನು ಚಿತ್ರ ಹೇಳುವುದೇ ಇಲ್ಲ. ಎರಡು ರಿಲೇ ಓಟಗಳ ಅಂತಿಮ ಸುತ್ತುಗಳೂ ಭಾನುವಾರವೇ ಇದ್ದವು. ಅವುಗಳನ್ನೂ ಲಿಡೆಲ್ ಬಿಟ್ಟರು. ಅವರಿಲ್ಲದೆಯೇ ಬ್ರಿಟನ್ ತಂಡ ಒಂದರಲ್ಲಿ ಬೆಳ್ಳಿ, ಇನ್ನೊಂದರಲ್ಲಿ ಕಂಚು ಪಡೆಯಿತು. ಬಿಟ್ಟದ್ದಕ್ಕೆಲ್ಲ ಬದಲಿ ಬಹುಮಾನ ಸಿಗಲಿಲ್ಲ, ಅವರು ಅದನ್ನು ಕೇಳಲೂ ಇಲ್ಲ.

ಇದನ್ನು ಏಕೆ ಒತ್ತಿ ಹೇಳುತ್ತೇನೆಂದರೆ, ಈಗ ಎಷ್ಟೋ ಪ್ರವೇಶ ಪರೀಕ್ಷೆಗಳು ಭಾನುವಾರವೇ ನಡೆಯುತ್ತವೆ. ಪರಿಚಯದ ತಾಯಿಯೊಬ್ಬರು, “ಮಗಳ ಪರೀಕ್ಷೆ ಭಾನುವಾರ ಬಿದ್ದಿದೆ. ಆ ಸಿನಿಮಾ ನೋಡಿದವಳು ಹೋಗಲೋ ಬೇಡವೋ ಎಂದು ಅಳುತ್ತಿದ್ದಾಳೆ. ಏನು ಹೇಳಲಿ?” ಎಂದು ಕೇಳಿದರು. ಆ ಹುಡುಗಿಗೆ ಉತ್ತರ ಕೊಡಬೇಕಾದರೆ ಲಿಡೆಲ್ ಅವರ ಮುಂದಿನ ಇಪ್ಪತ್ತು ವರ್ಷಗಳನ್ನೂ ಓದಬೇಕು.

ಚೀನಾದಲ್ಲಿ ಕೆಲಸ ಮಾಡುತ್ತಿದ್ದ ಮಿಷನರಿ ದಂಪತಿಗಳ ಮಗನಾಗಿ ಲಿಡೆಲ್ 1902ರಲ್ಲಿ ತಿಯೆನ್‌ಸಿನ್ ನಗರದಲ್ಲಿ ಹುಟ್ಟಿದವರು. ಚಿನ್ನ ಗೆದ್ದ ಮರುವರ್ಷವೇ, ಕೀರ್ತಿಯ ತುದಿಯಲ್ಲಿದ್ದಾಗ, ಅದೇ ಊರಿಗೆ ಮೇಷ್ಟರಾಗಿ ಹಿಂದಿರುಗಿದರು. ವಿಜ್ಞಾನ ಕಲಿಸಿದರು, ಹುಡುಗರಿಗೆ ಆಟ ಆಡಿಸಿದರು. 1934ರಲ್ಲಿ ಕೆನಡಾದ ಮಿಷನರಿಗಳ ಮಗಳು ಫ್ಲಾರೆನ್ಸ್ ಅವರನ್ನು ಮದುವೆಯಾದರು. ಜಪಾನಿನ ಸೈನ್ಯ ಚೀನಾವನ್ನು ಆಕ್ರಮಿಸಿದ ಮೇಲೆ ಅಪಾಯ ಹೆಚ್ಚಿತು. 1941ರಲ್ಲಿ, ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಿ ತಾವು ಉಳಿದರು. ಮೂರನೆಯ ಮಗಳ ಮುಖವನ್ನು ಅವರು ನೋಡಲೇ ಇಲ್ಲ.

1943ರಲ್ಲಿ ಜಪಾನೀಯರು ಅವರನ್ನು ವೇಯ್‌ಸಿಯೆನ್ ಎಂಬಲ್ಲಿನ ಬಂಧನ ಶಿಬಿರಕ್ಕೆ ಸೇರಿಸಿದರು. ಅಲ್ಲಿ ಇಕ್ಕಟ್ಟು, ಹಸಿವು, ಕೊಳಕು, ದಿನಬೆಳಗಾದರೆ ಜಗಳ. ತಂದೆತಾಯಿಯರಿಂದ ಅಗಲಿ ಬಂದಿದ್ದ ಶಾಲೆಯ ಮಕ್ಕಳೂ ಇದ್ದರು. ಅವರಿಗೆಲ್ಲ ಲಿಡೆಲ್ ‘ಎರಿಕ್ ಮಾಮ’. ಪಾಠ ಹೇಳಿದರು, ಆಟ ಆಡಿಸಿದರು, ಮುದುಕರ ಕೆಲಸ ಮಾಡಿಕೊಟ್ಟರು. ಭಾನುವಾರ ಮಾತ್ರ ಆಟಕ್ಕೆ ಬರುತ್ತಿರಲಿಲ್ಲ. ಒಂದು ಭಾನುವಾರ ಹಿರಿಯರಿಲ್ಲದೆ ಹಾಕಿ ಆಡಿದ ಮಕ್ಕಳು ಹೊಡೆದಾಡಿಕೊಂಡರು. ಮುಂದಿನ ಭಾನುವಾರ ತೀರ್ಪುಗಾರನಾಗಿ ಮೈದಾನಕ್ಕಿಳಿದವರು ಲಿಡೆಲ್! ಒಲಿಂಪಿಕ್ಸಿನ ಚಿನ್ನಕ್ಕಾಗಿ ಬಿಡದ ನಿಯಮವನ್ನು, ದಿಕ್ಕಿಲ್ಲದ ಮಕ್ಕಳು ಪೆಟ್ಟು ಮಾಡಿಕೊಳ್ಳಬಾರದೆಂದು ಸಡಿಲಿಸಿದರು. ತಮ್ಮ ಹೆಸರಿಗಾಗಿ ಅಲ್ಲ, ಇನ್ನೊಬ್ಬರ ಒಳಿತಿಗಾಗಿ. ಸಬ್ಬತ್ತಿನ ಕುರಿತು ಕ್ರಿಸ್ತನು ಫರಿಸಾಯರಿಗೆ ಕೊಟ್ಟ ಉತ್ತರದ ಅರ್ಥ ಇದೇ ಅಲ್ಲವೇ?

ಆ ತಾಯಿಗೆ ನಾನು ಇದನ್ನೇ ಹೇಳಿದೆ. ಲಿಡೆಲ್ ತಮ್ಮ ಮನಸ್ಸಾಕ್ಷಿಗೆ ಉತ್ತರ ಕೊಟ್ಟರೇ ಹೊರತು ಬೇರೆಯವರ ಮೇಲೆ ನಿಯಮ ಹೇರಲಿಲ್ಲ. ನಿಮ್ಮ ಮಗಳು ಪರೀಕ್ಷೆಗೆ ಹೋಗಲಿ, ಬಿಡಲಿ, ಅಂಕಕ್ಕಾಗಿ ದೇವರ ಜೊತೆ ಚೌಕಾಸಿ ಮಾಡದಿದ್ದರೆ ಸಾಕು. ನಮ್ಮ ಮಾತಂತೂ ಇರಲಿ. ಭಾನುವಾರವೆಂದು ಒಲೆ ಹಚ್ಚದೆ ಬಿಟ್ಟ ಗೃಹಿಣಿಯನ್ನು ಯಾರು ಕಂಡಿದ್ದಾರೆ? ಮನೆಯವರ ಹಸಿವನ್ನು ನೋಡುವುದೂ ಆರಾಧನೆಯೇ.

ಶಿಬಿರದ ಇನ್ನೊಂದು ಪಾಠ ಇದಕ್ಕಿಂತ ಕಠಿಣ. ವೈರಿಗಳನ್ನು ಪ್ರೀತಿಸಬೇಕೆಂಬ ಕ್ರಿಸ್ತನ ಬೋಧನೆಯನ್ನು ಲಿಡೆಲ್ ಹುಡುಗರೊಂದಿಗೆ ಚರ್ಚಿಸಿ, ಕಾವಲಿನ ಜಪಾನೀ ಸಿಪಾಯಿಗಳಿಗಾಗಿ ಪ್ರಾರ್ಥಿಸಿರಿ ಎಂದರು. ಆ ಹುಡುಗರಲ್ಲಿ ಒಬ್ಬ ಸ್ಟೀಫನ್ ಮೆಟ್ಕಾಫ್. ಕೊರೆಯುವ ಚಳಿಗಾಲದಲ್ಲಿ ಲಿಡೆಲ್ ತಮ್ಮ ಓಟದ ಹಳೆಯ ಬೂಟುಗಳಿಗೆ ತೇಪೆ ಹಾಕಿ ಅವನಿಗೆ ಕೊಟ್ಟರು. ಕೆಲವೇ ವಾರಗಳಲ್ಲಿ, 1945ರ ಫೆಬ್ರವರಿ 21ರಂದು, ಮಿದುಳಿನ ಗಡ್ಡೆಯಿಂದ ತೀರಿಕೊಂಡರು. ಆಗ ಅವರಿಗೆ ನಲವತ್ಮೂರು ವರ್ಷ. ಶಿಬಿರಕ್ಕೆ ಬಿಡುಗಡೆ ಬಂದದ್ದು ಅದೇ ಆಗಸ್ಟ್‌ನಲ್ಲಿ. ಯುದ್ಧ ಮುಗಿದ ಮೇಲೆ ಮೆಟ್ಕಾಫ್ ಮಿಷನರಿಯಾಗಿ ಹೋದದ್ದು ಬೇರೆಲ್ಲಿಗೂ ಅಲ್ಲ, ಜಪಾನಿಗೆ.

ಅತ್ತ ಕೆನಡಾದಲ್ಲಿ ಫ್ಲಾರೆನ್ಸ್‌ಗೆ ಗಂಡನ ಸಾವಿನ ಸುದ್ದಿ ಮುಟ್ಟಿದ್ದು ಮೇ ತಿಂಗಳಲ್ಲಿ. ನರ್ಸ್ ತರಬೇತಿ ಪಡೆದಿದ್ದ ಆಕೆ ದುಡಿದು ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದರು. ಆ ಓಟಕ್ಕೆ ಪದಕವಿಲ್ಲ, ಚಿತ್ರದಲ್ಲಿ ಜಾಗವೂ ಇಲ್ಲ.

ಚಿತ್ರವನ್ನು ಮಕ್ಕಳಿಗೆ ಖಂಡಿತ ತೋರಿಸಿ. ಅದು ಒಳ್ಳೆಯ ಚಿತ್ರ. ಮುಗಿದ ಮೇಲೆ ಹತ್ತು ನಿಮಿಷ ಅವರನ್ನು ಕೂರಿಸಿಕೊಂಡು ಹಾಕಿ ಆಟದ ಕಥೆ, ತೇಪೆಯ ಬೂಟಿನ ಕಥೆ, ಫ್ಲಾರೆನ್ಸ್ ಕಥೆ ಹೇಳಿ. ಗೆದ್ದವರನ್ನು ಮೆಚ್ಚುವುದನ್ನು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಉಳಿದದ್ದನ್ನು ನಾವೇ ಹೇಳಬೇಕು.