ಆಚಂದ್ರಾರ್ಕದಿಂದ ವಾರ್ಷಿಕ ವರದಿಗೆ

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರದೆಂದು ಗುರುತಿಸಲಾಗಿರುವ ಕಿತ್ತಯ್ಯನ ವೀರಗಲ್ಲು ಗಂಗದೊರೆ ಶ್ರೀಪುರುಷನ ಕಾಲದಲ್ಲಿ ಕಾದಿ ಮಡಿದವನೊಬ್ಬನ ನೆನಪನ್ನು ಕಾಪಿಡಲು ನೆಟ್ಟದ್ದು. ನಾಳೆ ಇಂದಿಗಿಂತ ಮೇಲಾಗುವುದೆಂಬ ಭರವಸೆ ಅಂಥ ಕಲ್ಲುಗಳಲ್ಲಿ ಸಿಗುವುದಿಲ್ಲ. ಇದ್ದದ್ದು ಅಳಿಯಬಾರದೆಂಬ ಕಾಳಜಿ ಮಾತ್ರ ಸಿಗುತ್ತದೆ. ಕೆರೆಗೆ, ಗುಡಿಗೆ ಭೂಮಿ ಬಿಟ್ಟ ದಾನಶಾಸನಗಳು ಆ ದತ್ತಿ ‘ಆಚಂದ್ರಾರ್ಕ’, ಎಂದರೆ ಸೂರ್ಯಚಂದ್ರರಿರುವವರೆಗೆ, ನಡೆಯಲೆಂದು ಹಾರೈಸಿ, ಕೆಡಿಸಿದವನಿಗೆ ಶಾಪವನ್ನೂ ಬರೆದಿಟ್ಟವು. ಕೃತಯುಗದಿಂದ ಕಲಿಯುಗದವರೆಗೆ ಧರ್ಮ ಇಳಿಯುತ್ತಲೇ ಬಂದಿದೆಯೆಂದು ನಂಬಿದ ಸಮಾಜದಲ್ಲಿ ಒಳ್ಳೆಯ ಆಳ್ವಿಕೆಯೆಂದರೆ ಆ ಇಳಿತವನ್ನು ತಡೆಯುವುದೇ ಆಗಿತ್ತು. ಇದನ್ನು ಜಡತ್ವವೆಂದು ತಳ್ಳಿಹಾಕುವುದು ಸರಿಯಲ್ಲ. ಹೂಳೆತ್ತದ ಕೆರೆ ಕೆರೆಯಾಗಿ ಉಳಿಯದೆಂದು ಬಲ್ಲವರ ವಿವೇಕ ಅದರ ಹಿಂದಿತ್ತು.

ಮನುಕುಲ ಹಂತಹಂತವಾಗಿ ಏರುತ್ತ ಹೋಗುತ್ತದೆಂಬ ಕಲ್ಪನೆಗೆ ಯುರೋಪಿನಲ್ಲಿ ಖಚಿತ ರೂಪ ಕೊಟ್ಟವರಲ್ಲಿ ಫ್ರಾನ್ಸಿನ ಕೊಂಡೋರ್ಸೆ ಒಬ್ಬ. ಅವನ ಗ್ರಂಥ 1795ರಲ್ಲಿ, ಅವನು ಸತ್ತ ಮೇಲೆ, ಪ್ರಕಟವಾಯಿತು. ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ದಶಕಗಳ ಕಾಲ ದುಡಿದ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಅದೇ ಏಣಿಯನ್ನು ಬಳಸಿ, ಸ್ವಾತಂತ್ರ್ಯದ ತತ್ತ್ವ ಇನ್ನೂ ಕೆಳ ಮೆಟ್ಟಿಲಲ್ಲಿರುವ ಸಮಾಜಗಳಿಗೆ ಅನ್ವಯಿಸದೆಂದು ವಾದಿಸಿದ. ಭಾರತದ ‘ನೈತಿಕ ಮತ್ತು ಭೌತಿಕ ಪ್ರಗತಿ’ಯ ವರದಿ ವರ್ಷವರ್ಷವೂ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬರತೊಡಗಿದ್ದೂ ಆ ಕಾಲದಲ್ಲೇ.

ಮೈಸೂರು ಸಂಸ್ಥಾನಕ್ಕೆ ಪ್ರಗತಿಯ ಈ ಭಾಷೆ ಬಂದದ್ದು ಒಂದು ವಿಪತ್ತಿನ ಬೆನ್ನಿಗೆ. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1876–78ರ ಬರದ ನಂತರ, 1881ರ ಎಣಿಕೆಯಲ್ಲಿ, 42 ಲಕ್ಷಕ್ಕೆ ಇಳಿದಿತ್ತು. ಅದೇ ವರ್ಷ ದಿವಾನ ರಂಗಾಚಾರ್ಲು 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಸಂಸ್ಥಾನದ ಸ್ಥಿತಿಗತಿಯನ್ನು ದಿವಾನರು ವರ್ಷಕ್ಕೊಮ್ಮೆ ಆ ಸಭೆಯ ಮುಂದೆ ಇಡುವ ಪದ್ಧತಿ ಬೆಳೆಯಿತು. ಶಾಪವಾಕ್ಯದ ಜಾಗಕ್ಕೆ ಅಂಕಿಅಂಶ ಬಂದಿತೆನ್ನಬಹುದು. 1911ರಲ್ಲಿ, ಮುಂದೆ ದಿವಾನರಾದ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಹುಟ್ಟಿದ, ಕೃಷಿ, ಶಿಕ್ಷಣ, ಕೈಗಾರಿಕೆಗಳಿಗೆ ಸಮಿತಿಗಳನ್ನು ಹೊಂದಿದ್ದ ಸಂಸ್ಥೆಗೆ ಕನ್ನಡದಲ್ಲಿ ‘ಸಂಪದಭ್ಯುದಯ ಸಮಾಜ’ ಎಂಬ ಹೆಸರು ಬಂದದ್ದು ಗಮನಾರ್ಹ. ಶಾಸ್ತ್ರಗಳಲ್ಲಿ ಅಭ್ಯುದಯವೆಂದರೆ ಲೌಕಿಕ ಏಳಿಗೆ. ಅದರ ಜೋಡಿಪದ ನಿಃಶ್ರೇಯಸ, ಎಂದರೆ ಮೋಕ್ಷ. ಹೊಸ ಹೆಸರಿನಲ್ಲಿ ಸಂಪತ್ತು ಅಭ್ಯುದಯದ ಜೊತೆ ಸೇರಿತು, ಮೋಕ್ಷ ಸದ್ದಿಲ್ಲದೆ ಹೊರಗುಳಿಯಿತು.

ಹೆಬ್ಬಾಳದ ಮಣ್ಣಿನಲ್ಲಿ ಈ ವಿಚಾರ ಕಣ್ಣಿಗೆ ಕಾಣುವಂತಾಯಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಕೊಟ್ಟ 30 ಎಕರೆಯಲ್ಲಿ ಪ್ರಾಯೋಗಿಕ ಕೃಷಿಕ್ಷೇತ್ರ ಆರಂಭವಾಯಿತು, 1913ರಲ್ಲಿ ಕೃಷಿಶಾಲೆಯೂ ಬಂತು. 1908ರಲ್ಲಿ ಮೈಸೂರಿಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೃಷಿ ಇಲಾಖೆಯನ್ನು ಕಟ್ಟಿ ಬೆಳೆಸಿದರು. ಪ್ರಾಯೋಗಿಕ ಕ್ಷೇತ್ರದ ತಿರುಳೇ ಹೋಲಿಕೆ: ಒಂದು ತಾಕಿಗೆ ಒಂದು ಗೊಬ್ಬರ, ಪಕ್ಕದ ತಾಕಿಗೆ ಇನ್ನೊಂದು, ಕೊನೆಗೆ ಇಳುವರಿಯ ತೂಕ. ಭೂಮಿಯನ್ನು ದಾನವಾಗಿ ಕೊಡುವುದು ಹಳೆಯ ರೀತಿ. ಅದರ ಫಲವನ್ನು ವರ್ಷವರ್ಷ ತೂಗಿ ಬರೆದಿಡುವುದು ಹೊಸದು.

ಅದೇ ತೂಕದ ಬಟ್ಟನ್ನು ಜನರೂ ಕೈಗೆತ್ತಿಕೊಂಡರು. ಸಂಸ್ಥಾನವೇ ಮುಂದೆ ಸಾಗುತ್ತಿದೆ ಎನ್ನುವುದಾದರೆ ಅದರೊಳಗೆ ಹಿಂದೆ ಬಿದ್ದವರು ಯಾರೆಂಬ ಪ್ರಶ್ನೆಯನ್ನು 1917ರಲ್ಲಿ ಹುಟ್ಟಿದ, ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಎತ್ತಿತು. 1918ರಲ್ಲಿ ನೇಮಕವಾದ, ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ವರ್ಗಗಳಿಗೆ ಸಿಗಬೇಕೆಂದಿತು. ಹುದ್ದೆಗೆ ಅರ್ಹತೆಯೊಂದೇ ಆಧಾರವಾಗಬೇಕೆಂದಿದ್ದ ವಿಶ್ವೇಶ್ವರಯ್ಯನವರು ಅಷ್ಟರಲ್ಲಿ ದಿವಾನಗಿರಿ ಬಿಟ್ಟಿದ್ದರು. ಎರಡೂ ಪಕ್ಷಗಳು ಪ್ರಗತಿಯನ್ನೇ ನಂಬಿದ್ದವು. ಒಂದಕ್ಕೆ ಅದು ಉತ್ಪನ್ನದ ಮೊತ್ತ, ಇನ್ನೊಂದಕ್ಕೆ ಪಾಲಿನ ಪ್ರಮಾಣ. ‘ಹಿಂದುಳಿದ’ ಎಂಬ ಪದವೇ ಒಂದು ದಾರಿಯನ್ನೂ ಅದರಲ್ಲಿ ಮುಂದೆ ಹೋದವರನ್ನೂ ಒಪ್ಪಿಕೊಂಡು ಹುಟ್ಟಿದ್ದು. 1975ರಲ್ಲಿ ವರದಿ ಕೊಟ್ಟ ಎಲ್.ಜಿ. ಹಾವನೂರ್ ಆಯೋಗ ಆ ಗುಂಪನ್ನು ಮತ್ತೆ ಒಡೆದು ಹೊಸದಾಗಿ ವಿಂಗಡಿಸಿತಾದರೂ, ಪದವನ್ನು ಹಾಗೆಯೇ ಉಳಿಸಿಕೊಂಡಿತು.