ಲಾಲ್‌ಬಾಗಿನ ಓರಗೆಯ ತೋಟ: ಬ್ರಿಸ್ಬೇನ್ ಸಸ್ಯೋದ್ಯಾನದ ಕಥೆ

ನಾರ್ತ್ ಲೇಕ್ಸ್‌ನ ಲೇಕ್ ಈಡನ್ ಸುತ್ತ ಸಂಜೆಯ ಹೊತ್ತು ನಡೆಯುವ ನಮ್ಮ ಬಳಗದಲ್ಲಿ ಬೆಂಗಳೂರಿನವರು ಇಬ್ಬರಿದ್ದರೂ ಸಾಕು, ಮಾತು ಒಂದಲ್ಲ ಒಂದು ಕ್ಷಣದಲ್ಲಿ ಲಾಲ್‌ಬಾಗಿಗೆ ಬಂದು ನಿಲ್ಲುತ್ತದೆ. ಗಾಜಿನ ಮನೆ, ಫಲಪುಷ್ಪ ಪ್ರದರ್ಶನ, ಕೆಂಪೇಗೌಡ ಗೋಪುರದ ಬಂಡೆ ಎಲ್ಲವೂ ನೆನಪಾಗುತ್ತವೆ. ಕಡೆಯಲ್ಲಿ, ಅಂತಹ ಚರಿತ್ರೆಯುಳ್ಳ ಉದ್ಯಾನ ಈ ಹೊಸ ದೇಶದಲ್ಲೆಲ್ಲಿ ಎಂಬ ನಿಟ್ಟುಸಿರು. ಆ ನಿಟ್ಟುಸಿರು ಅಷ್ಟೇನೂ ನ್ಯಾಯವಾದುದಲ್ಲ. ರೈಲು ಹತ್ತಿ ನಗರಕ್ಕೆ ಹೋದರೆ, ನದಿಯ ತಿರುವಿನಲ್ಲಿ, ಲಾಲ್‌ಬಾಗಿನ ಓರಗೆಯೆನ್ನಬಹುದಾದ ತೋಟವೊಂದು ನಮ್ಮನ್ನು ಕಾದಿದೆ.

ಹೈದರ್ ಅಲಿ 1760ರಲ್ಲಿ ಆರಂಭಿಸಿ ಟಿಪ್ಪು ಬೆಳೆಸಿದ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾದದ್ದು 1856ರಲ್ಲಿ. ಬ್ರಿಸ್ಬೇನಿನ ಸಸ್ಯೋದ್ಯಾನ ಸ್ಥಾಪನೆಯಾದದ್ದು ಅದಕ್ಕೆ ಒಂದೇ ವರ್ಷ ಮೊದಲು, 1855ರಲ್ಲಿ. ಆದರೆ ಎರಡರ ಹುಟ್ಟು ಒಂದೇ ಬಗೆಯದಲ್ಲ. ಅದು ಅರಸರ ವಿಹಾರವನ, ಇದು ಕೈದಿಗಳ ಹೊಲ. 1824ರಲ್ಲಿ ನಮ್ಮ ನೆರೆಯ ರೆಡ್‌ಕ್ಲಿಫ್‌ನಲ್ಲಿ ಇಳಿದ ಬ್ರಿಟಿಷರ ಕೈದಿ ಶಿಬಿರ ಮರುವರ್ಷವೇ ಬ್ರಿಸ್ಬೇನ್ ನದಿಯ ದಡಕ್ಕೆ ಸ್ಥಳಾಂತರಗೊಂಡಿತು. ಟುರ್ರಬಾಲ್ ಮತ್ತು ಯುಗ್ಗೆರಾ ಜನರ ನೆಲವಾಗಿದ್ದ ಆ ತಿರುವಿನಲ್ಲಿ ಕೈದಿಗಳು ಶಿಬಿರದ ಊಟಕ್ಕಾಗಿ ಬೆಳೆ ತೆಗೆದರು. ಅವರನ್ನು ಕೇಳಿ ಯಾರೂ ಅಲ್ಲಿ ನೇಗಿಲು ಹೂಡಲಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಆ ಹೊಲ ಉದ್ಯಾನವಾದದ್ದು ವಾಲ್ಟರ್ ಹಿಲ್ ಎಂಬ ಸ್ಕಾಟ್ಲೆಂಡಿನ ತೋಟಗಾರನಿಂದ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ಈತ 1855ರಿಂದ 1881ರವರೆಗೆ ಇದರ ಮೇಲ್ವಿಚಾರಕನಾಗಿದ್ದ. 1858ರಲ್ಲಿ ಲಾಲ್‌ಬಾಗಿಗೆ ಬಂದ ವಿಲಿಯಂ ನ್ಯೂ ಕೂಡ ಕ್ಯೂ ಉದ್ಯಾನದಿಂದಲೇ ಬಂದವನು. ಒಂದೇ ಗರಡಿಯ ಆಳುಗಳು ಎರಡು ಖಂಡಗಳಲ್ಲಿ ಒಂದೇ ಕೆಲಸಕ್ಕೆ ನಿಂತಿದ್ದರು: ಯಾವ ಗಿಡ ಎಲ್ಲಿ ಬೆಳೆದರೆ ಸಾಮ್ರಾಜ್ಯಕ್ಕೆ ಲಾಭವೆಂದು ಪರೀಕ್ಷಿಸುವುದು. ಮಾವು, ಶುಂಠಿ, ಹುಣಸೆ ಮುಂತಾದ ನಮ್ಮ ಪರಿಚಿತ ಸಸ್ಯಗಳನ್ನು ಹಿಲ್ ಇಲ್ಲಿ ಬೆಳೆಸಿ ನೋಡಿದ. ನಮ್ಮ ಪಕ್ಕದ ಬಡಾವಣೆಯ ಹೆಸರು ಮ್ಯಾಂಗೋ ಹಿಲ್ ಎಂಬುದನ್ನು ಓದುಗರು ಇಲ್ಲಿ ನೆನೆದು ಮುಗುಳ್ನಗಬಹುದು.

1858ರಲ್ಲಿ ಹಿಲ್ ನೆಟ್ಟ ಮ್ಯಾಕಡೇಮಿಯ ಮರ ಇಂದಿಗೂ ಉದ್ಯಾನದಲ್ಲಿ ನಿಂತಿದೆ. ಕೃಷಿಗೆ ಬಂದ ಮೊದಲ ಮ್ಯಾಕಡೇಮಿಯ ಇದೇ ಎಂದು ಹೇಳುತ್ತಾರೆ. ಅದರ ಬೀಜ ವಿಷವೆಂದು ಹಿಲ್ ನಂಬಿದ್ದನಂತೆ. ಮೊಳಕೆಗಾಗಿ ಚಿಪ್ಪು ಒಡೆಯುತ್ತಿದ್ದ ಹುಡುಗನೊಬ್ಬ ಕೆಲವನ್ನು ಬಾಯಿಗೆ ಹಾಕಿಕೊಂಡು, ಸಾಯುವ ಬದಲು ಚೆನ್ನಾಗಿದೆಯೆಂದು ಚಪ್ಪರಿಸಿದ ಕಥೆ ಇಲ್ಲಿ ಪ್ರಚಾರದಲ್ಲಿದೆ. ಮೂಲನಿವಾಸಿಗಳು ಆ ಬೀಜವನ್ನು ತಲೆತಲಾಂತರದಿಂದ ತಿನ್ನುತ್ತಿದ್ದರು. ಅವರನ್ನೇ ಒಂದು ಮಾತು ಕೇಳಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ಇದೇ ತೋಟದ ಇನ್ನೊಂದು ಬೆಳೆ ಕಬ್ಬು. 1862ರಲ್ಲಿ ಜಾನ್ ಬುಹೊ ಎಂಬಾತ ಇಲ್ಲಿನ ಕಬ್ಬಿನಿಂದ ಸಕ್ಕರೆಯ ಹರಳು ತೆಗೆದು ತೋರಿಸಿದ. ಕ್ವೀನ್ಸ್‌ಲ್ಯಾಂಡಿನ ಸಕ್ಕರೆ ಉದ್ಯಮಕ್ಕೆ ಅದು ನಾಂದಿಯಾಯಿತು. ಆದರೆ ಕಬ್ಬು ಕಡಿಯುವವರು ಯಾರು? ಮೊದಲು ಹತ್ತಿಯ ಹೊಲಗಳಿಗಾಗಿ, ಬಳಿಕ ಕಬ್ಬಿಗಾಗಿ, 1863ರಿಂದ 1904ರವರೆಗೆ ಶಾಂತಸಾಗರದ ದ್ವೀಪಗಳಿಂದ ಆಳುಗಳನ್ನು ಹಡಗುಗಳಲ್ಲಿ ತರಲಾಯಿತು. ಸುಮಾರು 62,000 ಕೂಲಿ ಒಪ್ಪಂದಗಳ ಲೆಕ್ಕವಿದೆ. ಅನೇಕರನ್ನು ಮೋಸದಿಂದಲೋ ಬಲಾತ್ಕಾರದಿಂದಲೋ ಹಡಗು ಹತ್ತಿಸಲಾಯಿತು. ಆಮೇಲೆ 'ಬಿಳಿಯ ಆಸ್ಟ್ರೇಲಿಯ' ನೀತಿ ಬಂದಾಗ ಅವರಲ್ಲಿ ಬಹುಪಾಲು ಜನರನ್ನು ಹಿಂದಕ್ಕೆ ಅಟ್ಟಲಾಯಿತು. ಅದೇ ನೀತಿ ನಮ್ಮಂತಹವರಿಗೂ ಈ ದೇಶದ ಬಾಗಿಲನ್ನು ಎಪ್ಪತ್ತರ ದಶಕದವರೆಗೆ ಮುಚ್ಚಿತ್ತು. ಹೂವಿನ ಮಡಿಗಳ ನಡುವೆ ನಡೆಯುವಾಗ ಇದೆಲ್ಲ ಕಣ್ಣಿಗೆ ಬೀಳುವುದಿಲ್ಲ. ಲಾಲ್‌ಬಾಗಿನಲ್ಲಿ ನಡೆಯುವಾಗ 1799ರ ಶ್ರೀರಂಗಪಟ್ಟಣ ನಮ್ಮ ಕಣ್ಣಿಗೆ ಬಿದ್ದಿತ್ತೇ?

ನದಿಯ ಬದಿಗೆ ಹಿಲ್ ನೆಟ್ಟ ಬುನ್ಯಾ ಮರಗಳ ಸಾಲನ್ನು ಮಕ್ಕಳಿಗೆ ತಪ್ಪದೆ ತೋರಿಸಬೇಕು. ಕಾಯಿ ಉದುರುವ ಬೇಸಿಗೆಯಲ್ಲಿ ಮಾತ್ರ ಕೆಳಗೆ ನಿಲ್ಲುವುದು ಬೇಡ, ಒಂದೊಂದು ಕಾಯಿ ಹತ್ತು ಕಿಲೋ ತೂಗಬಲ್ಲದು. ಸುಮಾರು ಮೂರು ವರ್ಷಕ್ಕೊಮ್ಮೆ ಫಸಲು ತುಂಬಿ ಬಂದಾಗ ಬುನ್ಯಾ ಬೆಟ್ಟಗಳಲ್ಲಿ ದೂರದೂರದ ಮೂಲನಿವಾಸಿ ಕುಲಗಳು ಜಾತ್ರೆಯಂತೆ ಸೇರುತ್ತಿದ್ದವು. ವ್ಯಾಜ್ಯಗಳ ತೀರ್ಮಾನ, ಸಂಬಂಧಗಳ ಮಾತುಕತೆ ಎಲ್ಲವೂ ಅಲ್ಲಿಯೇ. 1842ರಲ್ಲಿ ಗವರ್ನರ್ ಗಿಪ್ಸ್ ಬುನ್ಯಾ ನಾಡಿನಲ್ಲಿ ವಲಸಿಗರು ನೆಲೆಸಕೂಡದೆಂದು ಆಜ್ಞೆ ಹೊರಡಿಸಿದ್ದ. 1859ರಲ್ಲಿ ಪ್ರತ್ಯೇಕ ವಸಾಹತಾದ ಕ್ವೀನ್ಸ್‌ಲ್ಯಾಂಡ್ ಮರುವರ್ಷವೇ ಅದನ್ನು ರದ್ದುಗೊಳಿಸಿತು. ನಗರದ ತೋಟದಲ್ಲಿ ಬುನ್ಯಾ ಸಾಲು ಚಿಗುರುತ್ತಿದ್ದ ಕಾಲದಲ್ಲಿಯೇ ಬೆಟ್ಟದ ಬುನ್ಯಾ ಕೊಡಲಿಗೆ ತೆರೆದುಕೊಂಡಿತು.

ಗಿಡಗಳ ಪಯಣ ಒಂದೇ ದಿಕ್ಕಿನದಾಗಿರಲಿಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟದಲ್ಲಿ ನೆರಳು ಕೊಟ್ಟು ಮೆಣಸಿನ ಬಳ್ಳಿಗೆ ಆಸರೆಯಾಗಿರುವ ಸಿಲ್ವರ್ ಓಕ್ ಮರ ಇದೇ ಪೂರ್ವ ಕರಾವಳಿಯ ಕಾಡಿನದು. ಮಲೆನಾಡಿನಿಂದ ಬಂದವರು ಇಲ್ಲಿ ಅದನ್ನು ಕಂಡು 'ನಮ್ಮೂರಿನ ಮರ' ಎಂದು ಹಿಗ್ಗುವುದುಂಟು. ನೆಂಟಸ್ತಿಕೆ ನಿಜ, ತವರು ಮಾತ್ರ ತಿರುಗುಮುರುಗು.

ತಗ್ಗಿನ ನೆಲವಾದ್ದರಿಂದ ನದಿ ಈ ತೋಟವನ್ನು ಮತ್ತೆ ಮತ್ತೆ ನುಂಗಿದೆ. 1893ರ ಮಹಾಪೂರ, 1974ರದು, ನಮ್ಮಲ್ಲಿ ಹಲವರು ಕಣ್ಣಾರೆ ಕಂಡ 2011ರದು. ಎತ್ತರದಲ್ಲಿ ಇನ್ನೊಂದು ಸಸ್ಯೋದ್ಯಾನವಿರಲೆಂದು ಮೌಂಟ್ ಕೂಟ್-ತಾದಲ್ಲಿ ಕಟ್ಟಿದ ತೋಟ 1976ರಲ್ಲಿ ತೆರೆಯಿತು. ಹಳೆಯದು ಕೆಸರು ತೊಳೆದುಕೊಂಡು ಮತ್ತೆ ಚಿಗುರಿದೆ.

ಜಕರಂಡವನ್ನು ಹೇಳದೆ ಬಿಡಲಾಗದು. 1864ರಲ್ಲಿ ಹಿಲ್ ಇಲ್ಲಿ ನೆಟ್ಟ ದಕ್ಷಿಣ ಅಮೆರಿಕದ ಆ ಸಸಿಯನ್ನು ಆಸ್ಟ್ರೇಲಿಯದ ಮೊದಲ ಜಕರಂಡವೆಂದು ಎಣಿಸುತ್ತಾರೆ. ಗಾಡ್ಫ್ರೀ ರಿವರ್ಸ್ 1903ರಲ್ಲಿ ಅದರ ಕೆಳಗೆ ಚಹಾ ಕುಡಿಯುವ ದಂಪತಿಗಳನ್ನು ಚಿತ್ರಿಸಿದ. ಚಿತ್ರ ಕ್ವೀನ್ಸ್‌ಲ್ಯಾಂಡ್ ಕಲಾಶಾಲೆಯಲ್ಲಿದೆ, ಮರ ಬಿರುಗಾಳಿಗೆ ಉರುಳಿ ದಶಕಗಳಾದವು. ಬೆಂಗಳೂರಿನಲ್ಲಿ ಜಕರಂಡ ಅರಳುವುದು ಫೆಬ್ರವರಿ, ಮಾರ್ಚಿಯಲ್ಲಿ. ಇಲ್ಲಿ ಅಕ್ಟೋಬರ್, ನವೆಂಬರಿನಲ್ಲಿ. ಎರಡೂ ಕಡೆ ಅದು ಪರೀಕ್ಷೆಯ ಕಾಲ. ನೀಲಿ ಹೂ ನೆಲಕ್ಕೆ ಬಿದ್ದ ಮೇಲೆ ಓದಲು ಕುಳಿತರೆ ತಡವಾಯಿತೆಂದು ಇಲ್ಲಿನ ವಿದ್ಯಾರ್ಥಿಗಳು ಹೇಳುತ್ತಾರೆ. ಈ ಅಕ್ಟೋಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವವರು ಪುಸ್ತಕವನ್ನೂ ಚೀಲದಲ್ಲಿಟ್ಟುಕೊಳ್ಳಲಿ.