ಪಾಂಡುರಂಗವೆಂಬ ಇನ್ನೊಂದು ನಾಡು



ಆಷಾಢ ಬಂತೆಂದರೆ ನಮ್ಮ ಸೀಮೆಯ ಹಳ್ಳಿಗಳಿಂದ ದಿಂಡಿಗಳು ಪಂಢರಪುರದ ದಾರಿ ಹಿಡಿಯುತ್ತವೆ. ಪಾಂಡುರಂಗ ಎಂಬ ಹೆಸರನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಅದೇ ಹೆಸರಿನ ಒಂದು ರಾಜ್ಯ ಸಮುದ್ರದಾಚೆ ಇತ್ತೆಂಬುದು ಬಹಳ ಮಂದಿಗೆ ತಿಳಿಯದು. ಇಂದಿನ ವಿಯೆಟ್ನಾಂ ದೇಶದ ಕರಾವಳಿಯಲ್ಲಿರುವ ಫಾನ್ ರಾಂಗ್ ಎಂಬ ಊರಿನ ಹೆಸರು ‘ಪಾಂಡುರಂಗ’ ಎಂಬುದರಿಂದಲೇ ಬಂದದ್ದು. ಅದು ಚಾಮ್ ಜನರ ನಾಡು. ಹೆಸರು ಒಂದೇ ಆದರೂ ಅಲ್ಲಿಯ ಅರಸರು ಮುಖ್ಯವಾಗಿ ಪೂಜಿಸಿದ್ದು ಶಿವನನ್ನು.

ಚಾಮ್ ಜನರ ರಾಜ್ಯಕ್ಕೆ ಚಂಪಾ ಎಂದು ಹೆಸರು. ಅವರ ನುಡಿ ಮಲಯ ಭಾಷೆಯ ಬಳಗಕ್ಕೆ ಸೇರಿದ್ದು. ಹಡಗಿನ ವ್ಯಾಪಾರದ ಸಂಗಡ ಸಂಸ್ಕೃತವೂ ಶಿವಪೂಜೆಯೂ ಬ್ರಾಹ್ಮೀ ಮೂಲದ ಲಿಪಿಯೂ ಅಲ್ಲಿಗೆ ಹೋದವು. ನಮ್ಮ ಕನ್ನಡ ಲಿಪಿಯ ಮೂಲವೂ ಬ್ರಾಹ್ಮಿಯೇ. ಆದ್ದರಿಂದ ಅಕ್ಷರದಲ್ಲಿ ಅವರೂ ನಾವೂ ದಾಯಾದಿಗಳು. ಭದ್ರವರ್ಮನೆಂಬ ಅರಸನು ಮಿ ಸೋನ್ ಕಣಿವೆಯಲ್ಲಿ ಭದ್ರೇಶ್ವರನನ್ನು ಸ್ಥಾಪಿಸಿದನು. 1969ರ ಯುದ್ಧದಲ್ಲಿ ಅಲ್ಲಿಯ ದೊಡ್ಡ ಗುಡಿ ಬಾಂಬಿಗೆ ನೆಲಸಮವಾಯಿತು. ಮುಂದೆ ನಮ್ಮ ಭಾರತೀಯ ಪುರಾತತ್ತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ನಡೆಸುತ್ತಿದ್ದಾಗ, 2020ರಲ್ಲಿ 9ನೆಯ ಶತಮಾನದ ಏಕಶಿಲೆಯ ಶಿವಲಿಂಗವೊಂದು ಮಣ್ಣಿನೊಳಗಿಂದ ದೊರೆಯಿತು.

ಚಾಮ್ ನುಡಿಯ ಅತಿ ಹಳೆಯ ಶಾಸನ ಸುಮಾರು 4ನೆಯ ಶತಮಾನದ್ದೆಂದು ವಿದ್ವಾಂಸರ ಎಣಿಕೆ. ನಮ್ಮ ಹಲ್ಮಿಡಿ ಶಾಸನ ಸುಮಾರು 450ರದು. ಆ ಚಾಮ್ ಶಾಸನ ಅರಸನ ನೀರಿನ ಸೆಲೆಯನ್ನು ಕಾಯುವ ನಾಗನ ಕುರಿತದ್ದು. ನಾಗನನ್ನು ಗೌರವಿಸಿದವರಿಗೆ ಸಂಪತ್ತು, ಅವಮಾನಿಸಿದವರಿಗೆ ಸಾವಿರ ವರ್ಷದ ನರಕ ಎಂದು ಅದರ ಸಾರ. ದಾನವನ್ನು ಅಳಿಪಿದವರಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ತಟ್ಟಲೆಂದು ನಮ್ಮ ಶಾಸನಗಳು ಹೇಳುವುದಿಲ್ಲವೇ? ಎಷ್ಟು ದೂರದ ಜನ, ಎಂಥ ಹತ್ತಿರದ ಮಾತು!

ಆ ರಾಜ್ಯ ಉಳಿಯಲಿಲ್ಲ. 1471ರಲ್ಲಿ ಉತ್ತರದ ವಿಯೆಟ್ನಾಮಿ ಅರಸರು ವಿಜಯ ಎಂಬ ರಾಜಧಾನಿಯನ್ನು ಗೆದ್ದರು. ಕೊನೆಗುಳಿದ ಪಾಂಡುರಂಗ ರಾಜ್ಯವೂ 1832ರಲ್ಲಿ ಅಳಿಯಿತು. ಚಾಮರಲ್ಲಿ ಅನೇಕರು ಕಾಂಬೋಡಿಯಕ್ಕೆ ಹೋಗಿ ನೆಲೆಸಿದರು. ಅಲ್ಲಿಯವರು ಇಂದು ಮುಸಲ್ಮಾನರು. ವಿಯೆಟ್ನಾಮಿನಲ್ಲಿ 2019ರ ಜನಗಣತಿಯ ಪ್ರಕಾರ ಚಾಮರು ಸುಮಾರು 1 ಲಕ್ಷ 79 ಸಾವಿರ.

ಹಾಗಾದರೆ ಅವರ ನುಡಿ ಎಲ್ಲಿ ಉಳಿಯಿತು? ಮನೆಯಲ್ಲಿ ಮತ್ತು ಗುಡಿಯಲ್ಲಿ. ವರ್ಷಕ್ಕೊಮ್ಮೆ ಕಾತೆ ಎಂಬ ಜಾತ್ರೆ ನಡೆಯುತ್ತದೆ. ದೇವರ ವಸ್ತ್ರಗಳನ್ನು ಕಾಪಾಡಿಕೊಂಡು ಬಂದ ರಾಗ್ಲಾಯಿ ಎಂಬ ಗುಡ್ಡಗಾಡಿನ ಜನ ಅವನ್ನು ಇಳಿಸಿ ತರುತ್ತಾರೆ. ನಮ್ಮ ಜಾತ್ರೆಗಳಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಮಾನ ಇರುವಂತೆಯೇ ಇದು. ತಂತಿವಾದ್ಯ ನುಡಿಸುತ್ತ ಚಾಮ್ ನುಡಿಯಲ್ಲಿ ದೇವರ ಪದ ಹಾಡುತ್ತಾರೆ. ಪೊ ಕ್ಲೋಂಗ್ ಗರಾಯ್ ಗುಡಿಯಲ್ಲಿ ಮುಖಲಿಂಗವೂ ಅದರ ಮುಂದೆ ನಂದಿಯೂ ಇವೆ. ಬೆಳೆ ಚೆನ್ನಾಗಿ ಬರಲೆಂದು ರೈತರು ಆ ಬಸವಣ್ಣನಿಗೆ ಮೇವು ಅರ್ಪಿಸುತ್ತಿದ್ದರಂತೆ! 1978ರಿಂದೀಚೆಗೆ ಅಲ್ಲಿಯ ಪ್ರಾಥಮಿಕ ಶಾಲೆಗಳಲ್ಲಿ ಚಾಮ್ ಅಕ್ಷರ ಕಲಿಸಲು ಪುಸ್ತಕಗಳನ್ನೂ ಸಿದ್ಧಪಡಿಸಿದರು.

ಈಗ ನಮ್ಮ ಮಾತಿಗೆ ಬರೋಣ. ಕೊಲ್ಲಾಪುರದ ಮಹಾಲಕ್ಷ್ಮಿಯ ಗುಡಿಯಲ್ಲಿ, ಕೃಷ್ಣೆಯ ದಂಡೆಯ ಖಿದ್ರಾಪುರದ ಕೋಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ನಮ್ಮ ಮಿರಜದಲ್ಲಿಯೂ ಶಿಲಾಹಾರರ ಕಾಲದ ಕನ್ನಡ ಶಾಸನ ದೊರೆತಿದೆ. ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು 12ನೆಯ ಶತಮಾನದಲ್ಲಿ ವಚನ ನುಡಿದದ್ದು ಕನ್ನಡದಲ್ಲಿ. ಜ್ಞಾನೇಶ್ವರ ಮಹಾರಾಜರು ತಮ್ಮ ಅಭಂಗದಲ್ಲಿ ವಿಠ್ಠಲನನ್ನೇ ಕನ್ನಡಿಗನೆಂದು ಕರೆದಿದ್ದಾರೆ. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ನಾವು ಮುಂಬಯಿ ರಾಜ್ಯದಲ್ಲಿ, 1960ರಿಂದ ಮಹಾರಾಷ್ಟ್ರದಲ್ಲಿ ಉಳಿದೆವು. 1967ರಲ್ಲಿ ಮಹಾಜನ ಆಯೋಗದ ವರದಿ ಬಂದರೂ ಗಡಿ ಕದಲಲಿಲ್ಲ.

ಇದನ್ನು ಜಗಳಕ್ಕೆಂದು ಬರೆಯುತ್ತಿಲ್ಲ. ಮರಾಠಿ ನಮಗೆ ಅನ್ನದ ಭಾಷೆ, ನೆರೆಹೊರೆಯ ಭಾಷೆ. ಕನ್ನಡಕ್ಕೆ ಚಾಮ್ ನುಡಿಯ ಗತಿ ಬಂದಿಲ್ಲ. ಗಡಿಯಾಚೆ ಅದಕ್ಕೊಂದು ರಾಜ್ಯವೇ ಇದೆ. ಜತ್ತ ತಾಲೂಕಿನಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. ಆದರೆ ಒಂದು ನುಡಿ ನಾಡಿನಲ್ಲಿ ಬದುಕಿದ್ದೂ ಒಂದು ಮನೆಯಲ್ಲಿ ಸಾಯಬಹುದು. ನಮ್ಮ ಅಂಗಡಿಯಲ್ಲಿ ಅಜ್ಜನ ಉದ್ರಿ ವಹಿ ಕನ್ನಡದಲ್ಲಿದೆ. ನನ್ನದು ಅರ್ಧ ಕನ್ನಡ, ಅರ್ಧ ಮರಾಠಿ. ಮೊಮ್ಮಗ ಕನ್ನಡ ಮಾತಾಡುತ್ತಾನೆ, ಓದಲಾರ. ಈ ಸಂಚಿಕೆಯನ್ನು ಅವನ ಕೈಗೆ ಕೊಟ್ಟರೆ ಚಿತ್ರ ನೋಡಿ ಮುಚ್ಚಿಡುತ್ತಾನೆ. ತಪ್ಪು ಅವನದಲ್ಲ, ಕಲಿಸದ ನಮ್ಮದು.

ಆದಕಾರಣ ನನ್ನದೊಂದು ಅರಿಕೆ. ಗುಡಿಯ ಕಟ್ಟೆಯ ಮೇಲೆ ರವಿವಾರ ಒಂದು ತಾಸು ಮಕ್ಕಳಿಗೆ ಕನ್ನಡ ಅಕ್ಷರ ಕಲಿಸೋಣ. ಪಾಟಿ, ಬಳಪ, ಅಂಕಲಿಪಿ ನನ್ನ ಅಂಗಡಿಯಿಂದ ಸೇವೆಯೆಂದು ಕೊಡುತ್ತೇನೆ. ಕಲಿಸಬಲ್ಲ ಹಿರಿಯರು, ತಾಯಂದಿರು ಮುಂದೆ ಬರಬೇಕು. ರಾಜ್ಯ ಕಳೆದುಕೊಂಡ ಚಾಮರು ಗುಡಿಯಲ್ಲಿ ನುಡಿ ಉಳಿಸಿಕೊಂಡರು; ಗುಡಿ ಇರುವ ನಮಗೆ ಅದು ಅಸಾಧ್ಯವೇ?

ಶ್ರೀ ದೇವರು ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.